ಅರ್ಜಿಯಿಂದ ಹಿಂಬರಹದವರೆಗೆ: ಪ್ರತಿಭಟನೆಗೆ ಅನುಮತಿ ಪಡೆಯುವ ದಾರಿ

ಪ್ರತಿಭಟನೆಯ ಅರ್ಜಿ ಹಿಡಿದು ಠಾಣೆಯ ಮೆಟ್ಟಿಲು ಹತ್ತಿದರೆ ಮೊದಲು ಬರುವ ಪ್ರಶ್ನೆ, “ಎಷ್ಟು ಜನ ಬರ್ತಾರೆ?” ಎರಡನೆಯದು, “ಮುಖಂಡರು ಯಾರು?” ಬೇಡಿಕೆ ಏನೆಂದು ಕೇಳುವುದು ಆಮೇಲೆ. ಇದರಲ್ಲಿ ತಪ್ಪು ಹುಡುಕಬೇಕಿಲ್ಲ. ಬಂದೋಬಸ್ತಿಗೆ ಎಷ್ಟು ಸಿಬ್ಬಂದಿ ಹಾಕಬೇಕು, ಯಾವ ರಸ್ತೆಯ ವಾಹನಗಳನ್ನು ಎತ್ತ ತಿರುಗಿಸಬೇಕು ಎಂಬುದು ಅವರ ತಲೆಬಿಸಿ. ಆದರೆ ಆ ಎರಡು ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆದುಕೊಂಡು ಹೋದ ಗುಂಪಿನ ಅನುಭವವೇ ಬೇರೆ, “ಒಂದೈನೂರು ಜನ ಆಗ್ಬಹುದು ಸರ್” ಎಂದು ಬಾಯಲ್ಲಿ ಹೇಳಿ ಬಂದವರ ಅನುಭವವೇ ಬೇರೆ. ಕಾರವಾರ, ಅಂಕೋಲಾ, ಕುಮಟಾ, ಶಿರಸಿಯ ಕಚೇರಿಗಳಲ್ಲಿ ಇಂಥ ಅರ್ಜಿಗಳ ಬೆನ್ನು ಹತ್ತಿ ಓಡಾಡಿದವರು ಕಂಡುಕೊಂಡ ಕ್ರಮ ಇದು. ಮುಂದೆ ಓಡಾಡುವವರಿಗೆ ಕೆಲಸಕ್ಕೆ ಬರಲಿ ಎಂದು ಬರೆದದ್ದು.

ಒಂದು ವಿಷಯ ಮೊದಲೇ ಹೇಳಬೇಕು. ಸಂವಿಧಾನದ 19(1)(ಬಿ) ವಿಧಿ ಶಾಂತಿಯುತವಾಗಿ, ನಿರಾಯುಧರಾಗಿ ಸೇರುವ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ. 19(3) ಅದಕ್ಕೆ ಮಿತಿ ಹಾಕಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ಆದರೆ ಕಾರಣ ಎರಡೇ: ದೇಶದ ಸಾರ್ವಭೌಮತೆ ಮತ್ತು ಸಮಗ್ರತೆ, ಇಲ್ಲವೇ ಸಾರ್ವಜನಿಕ ಸುವ್ಯವಸ್ಥೆ. ಅಹಮದಾಬಾದಿನ ಹಿಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1972ರಲ್ಲೇ ಹೇಳಿತು: ಬೀದಿಯಲ್ಲಿ ಸಭೆ ನಡೆಸುವುದನ್ನು ಸರ್ಕಾರ ನಿಯಂತ್ರಿಸಬಹುದು, ಆದರೆ ಯಾವ ಬೀದಿಯಲ್ಲೂ ಸಭೆ ಕೂಡದು ಎನ್ನುವಂತಿಲ್ಲ, ಯಾವ ಮಾನದಂಡವೂ ಇಲ್ಲದೆ ಬೇಕೆಂದರೆ ಕೊಡುವ, ಬೇಡವೆಂದರೆ ಬಿಡುವ ಅಧಿಕಾರವನ್ನು ಪೊಲೀಸ್ ಅಧಿಕಾರಿಯ ಕೈಗೆ ಕೊಡುವಂತಿಲ್ಲ. ಅಂದರೆ ನಾವು ಕೇಳುತ್ತಿರುವುದು ದಯೆಯಲ್ಲ. ಹಕ್ಕು ನಮ್ಮ ಕೈಯಲ್ಲೇ ಇದೆ. ಎಲ್ಲಿ, ಯಾವಾಗ, ಹೇಗೆ ಎಂಬುದನ್ನು ಮಾತ್ರ ಮಾತಾಡಿ ಗೊತ್ತು ಮಾಡಿಕೊಳ್ಳಬೇಕು. ಅರ್ಜಿಯ ಒಂದೊಂದು ಸಾಲೂ ಈ ತಿಳಿವಳಿಕೆಯಿಂದಲೇ ಹೊರಡಬೇಕು.

ನಮ್ಮ ಅಭಿಪ್ರಾಯ ಇನ್ನೂ ಒಂದು ಹೆಜ್ಜೆ ಮುಂದಿದೆ. ಅನುಮತಿಯ ಬದಲು ಮುಂಚಿತ ತಿಳಿವಳಿಕೆ ಪತ್ರ ಸಾಕು ಎಂಬ ವ್ಯವಸ್ಥೆ ಬರಬೇಕು. ಯಾಕೆ ಎಂಬುದು ಅರ್ಜಿ ಸಾಗುವ ದಾರಿಯನ್ನು ನೋಡಿದರೆ ತಾನಾಗಿ ಗೊತ್ತಾಗುತ್ತದೆ.

ಅರ್ಜಿ ಯಾರ ಹೆಸರಿಗೆ ಬರೆಯಬೇಕು ಎಂಬಲ್ಲೇ ಮೊದಲ ಎಡವಟ್ಟು. ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್‌ಗೇ ಮ್ಯಾಜಿಸ್ಟ್ರೇಟ್ ಅಧಿಕಾರ ಇದೆ, 2021ರ ಆದೇಶದ ನಂತರ ಅಲ್ಲಿ ಪ್ರತಿಭಟನೆ ಎಂದರೆ ಫ್ರೀಡಂ ಪಾರ್ಕ್ ಎಂದಾಗಿದೆ. ಉತ್ತರ ಕನ್ನಡದಲ್ಲಿ ಕಮಿಷನರೇಟ್ ಇಲ್ಲ. ಇಲ್ಲಿ ಜಿಲ್ಲಾಧಿಕಾರಿ ಜಿಲ್ಲಾ ಮ್ಯಾಜಿಸ್ಟ್ರೇಟ್, ಕಾರವಾರ, ಕುಮಟಾ, ಶಿರಸಿ, ಭಟ್ಕಳ ಈ ನಾಲ್ಕು ಉಪವಿಭಾಗಗಳ ಸಹಾಯಕ ಆಯುಕ್ತರು ಉಪವಿಭಾಗೀಯ ಮ್ಯಾಜಿಸ್ಟ್ರೇಟರು, ತಾಲೂಕಿಗೆ ತಹಶೀಲ್ದಾರರು. ಆದರೂ ಸಭೆ, ಮೆರವಣಿಗೆ, ಮೈಕಿನ ಅರ್ಜಿ ಸಾಗುವುದು ಪೊಲೀಸ್ ದಾರಿಯಲ್ಲೇ. ಹಾಗಾಗಿ ಮೂಲ ಅರ್ಜಿ ಆ ವ್ಯಾಪ್ತಿಯ ಠಾಣೆಯ ಪಿಎಸ್‌ಐ ಹೆಸರಿಗೆ. ಪ್ರತಿಗಳು ಡಿವೈಎಸ್‌ಪಿ, ತಹಶೀಲ್ದಾರ್, ಮನವಿ ಸ್ವೀಕರಿಸಬೇಕಾದ ಅಧಿಕಾರಿ ಹಾಗೂ ಜಾಗದ ಒಡೆತನ ಇರುವ ಸಂಸ್ಥೆಗೆ. ಮೆರವಣಿಗೆ ಎರಡು ಠಾಣೆಗಳ ವ್ಯಾಪ್ತಿಯಲ್ಲಿ ಸಾಗುತ್ತದೆ ಎಂದಾದರೆ ಎರಡೂ ಕಡೆ ಕೊಡಬೇಕು. ಒಂದು ಠಾಣೆಗೆ ಮಾತ್ರ ಕೊಟ್ಟು, ಗಡಿ ದಾಟಿದ ಕೂಡಲೇ ತಡೆ ಬೀಳುವುದು ಹೊಸಬರಿಗೆ ಆಗುವ ಸಾಮಾನ್ಯ ತೊಂದರೆ.

ಶಾಂತಿಯುತ ಸಭೆ, ಮೆರವಣಿಗೆ ಮತ್ತು ಧ್ವನಿವರ್ಧಕದ ಅನುಮತಿಗೆ ಸೇವಾಸಿಂಧುವಿನಲ್ಲೂ ಅರ್ಜಿ ಹಾಕಬಹುದು. ಆನ್‌ಲೈನ್ ಹಾಕಿದರೂ ಕಾಗದದ ಅರ್ಜಿಯನ್ನು ಬಿಡಬಾರದು. ಪರದೆಯ ಮೇಲಿನ ಸಂಖ್ಯೆ ದಾಖಲೆಗೆ ಬೇಕು, ಠಾಣೆಯಲ್ಲಿ ಮಾತಾಡಲು ಕೈಯಲ್ಲಿ ಕಾಗದ ಬೇಕು. ಅದನ್ನು ಟೇಬಲ್ ಮೇಲೆ ಇಟ್ಟು ಬರಬಾರದು. ನಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಇನ್‌ವರ್ಡ್ ನಂಬರ್ ಮೂರೂ ಬೀಳಬೇಕು. “ಸಾಹೇಬ್ರು ರೌಂಡ್ಸಿಗೆ ಹೋಗಿದಾರೆ, ಇಟ್ಟು ಹೋಗಿ” ಎಂದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಇನ್ನೊಂದು ಪ್ರತಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಈ ಮೊಹರಿನ ಬೆಲೆ ಆ ದಿನ ತಿಳಿಯುವುದಿಲ್ಲ. “ನಮಗೆ ಮಾಹಿತಿಯೇ ಇರಲಿಲ್ಲ” ಎಂಬ ಮಾತು ಬಂದ ದಿನ ತಿಳಿಯುತ್ತದೆ.

ಅರ್ಜಿ ಎರಡು ಪುಟ ಮೀರಬಾರದು. ವಿಷಯದ ಸಾಲಿನಲ್ಲಿ “ಶಾಂತಿಯುತ ಮೆರವಣಿಗೆ ಹಾಗೂ ಪ್ರತಿಭಟನಾ ಸಭೆ ನಡೆಸುವ ಬಗ್ಗೆ ಮಾಹಿತಿ ಹಾಗೂ ಅನುಮತಿ ಕೋರಿ” ಎಂದಿರಲಿ. ಮಾಹಿತಿ ಎಂಬ ಮಾತು ಬಿಟ್ಟುಹೋಗಬಾರದು: ನಾವು ತಿಳಿಸಿದ್ದೇವೆ ಎಂಬುದಕ್ಕೆ ಅದೇ ಆಧಾರ. ಒಳಗೆ ದಿನಾಂಕ, ಶುರುವಾಗುವ ಮತ್ತು ಮುಗಿಯುವ ಹೊತ್ತು, ಜನ ಸೇರುವ ಜಾಗ, ದಾರಿ, ಸಭೆಯ ಜಾಗ, ಅಂದಾಜು ಸಂಖ್ಯೆ, ಮೈಕಿನ ವಿವರ, ಮೈಕ್ ಕಟ್ಟಿದ ವಾಹನದ ನೋಂದಣಿ ಸಂಖ್ಯೆ, ಸ್ವಯಂಸೇವಕರ ಪಟ್ಟಿ, ಮೂವರು ಸಂಘಟಕರ ಹೆಸರು ಮತ್ತು ಫೋನ್. ಒಬ್ಬರೇ ಸಂಘಟಕರನ್ನು ಬರೆದರೆ ಹೊಣೆಯೆಲ್ಲ ಆ ಒಬ್ಬರ ತಲೆಗೆ ಬರುತ್ತದೆ. ಐವರು ಹತ್ತು ಮಂದಿಯನ್ನು ಬರೆದರೆ ಆ ದಿನ ಪೊಲೀಸರು ಯಾರ ಜೊತೆ ಮಾತಾಡಬೇಕು ಎಂಬುದೇ ಗೊಂದಲ. ಮೂರು ಸರಿಯಾದ ಸಂಖ್ಯೆ.

ಜನರ ಲೆಕ್ಕ ಕಡಿಮೆ ಬರೆದರೆ ಅನುಮತಿ ಸುಲಭ ಎಂಬ ನಂಬಿಕೆ ಇದೆ. ಅದು ಅಪಾಯದ ನಂಬಿಕೆ. 500 ಎಂದು ಬರೆದು 2000 ಜನ ಬಂದರೆ ಷರತ್ತು ಉಲ್ಲಂಘನೆ ಎಂಬ ಮಾತಿಗೆ ನಾವೇ ದಾರಿ ಮಾಡಿಕೊಟ್ಟಂತೆ. “500ರಿಂದ 800” ಎಂದು ವ್ಯಾಪ್ತಿ ಬರೆದು, ಹೆಚ್ಚಾದರೆ ಹಿಂದಿನ ದಿನ ಸಂಜೆಯೊಳಗೆ ತಿಳಿಸುತ್ತೇವೆ ಎಂದು ಸೇರಿಸುವುದು ಒಳ್ಳೆಯದು. ಪೊಲೀಸರಿಗೆ ಸಂಖ್ಯೆಯ ಚಿಂತೆ ಯಾಕೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. ನಾಲ್ಕು ಜನರ ಸಾಲು ಮಾಡಿದರೆ 500 ಜನಕ್ಕೆ 125 ಸಾಲು. ಸಾಲಿಗೆ 1.2 ಮೀಟರ್ ಹಿಡಿದರೆ ಮೆರವಣಿಗೆಯ ಉದ್ದ 150 ಮೀಟರ್. ಘೋಷಣೆ ಕೂಗುತ್ತ ನಡೆಯುವ ವೇಗ ತಾಸಿಗೆ 2 ಕಿಲೋಮೀಟರ್ ಎಂದರೆ, ಒಂದು ಸರ್ಕಲ್ ದಾಟಲು ನಾಲ್ಕೂವರೆ ನಿಮಿಷ. ಅದೇ 2000 ಜನವಾದರೆ 600 ಮೀಟರ್, 18 ನಿಮಿಷ. ಕಾರವಾರದ ಸುಭಾಷ್ ಸರ್ಕಲ್ಲೋ ಶಿರಸಿಯ ಐದು ರಸ್ತೆ ಸರ್ಕಲ್ಲೋ 18 ನಿಮಿಷ ಕಟ್ಟಿಹೋದರೆ ಊರೆಲ್ಲ ನಿಲ್ಲುತ್ತದೆ. ಪರಿಹಾರ ಸರಳ: 250 ಜನರ ತುಕಡಿ ಮಾಡಿ, ತುಕಡಿಗಳ ನಡುವೆ ಎರಡು ಮೂರು ನಿಮಿಷದ ಅಂತರ ಬಿಡುವುದು. ಒಂದು ತುಕಡಿ ದಾಟಲು ಎರಡೂಕಾಲು ನಿಮಿಷ, ಆಮೇಲೆ ವಾಹನ ಬಿಡುವುದು. ಈ ಲೆಕ್ಕವನ್ನು ಅರ್ಜಿಯ ಜೊತೆ ಒಂದು ಕೈನಕ್ಷೆಯಲ್ಲಿ ಕೊಟ್ಟರೆ ಮಾತುಕತೆಯ ರೀತಿಯೇ ಬದಲಾಗುತ್ತದೆ. “ಕೊಡಬೇಕೋ ಬೇಡವೋ” ಎಂಬಲ್ಲಿಂದ “ಯಾವ ರಸ್ತೆ, ಎಷ್ಟು ಹೊತ್ತಿಗೆ” ಎಂಬಲ್ಲಿಗೆ ಬರುತ್ತದೆ.

ಮೈದಾನ ನಗರಸಭೆಯದ್ದಾದರೆ ಬಾಡಿಗೆ, ಠೇವಣಿ ಕಟ್ಟಿ ರಸೀದಿ ಪಡೆಯಬೇಕು. ಅದಿಲ್ಲದೆ ಪೊಲೀಸ್ ಅರ್ಜಿ ಮುಂದೆ ಸರಿಯುವುದಿಲ್ಲ. ಕಾರವಾರದಲ್ಲಿ ಮಾಲಾದೇವಿ ಮೈದಾನ, ಮಿತ್ರಸಮಾಜ ಮೈದಾನಗಳಿಗೆ ಒಂದು ರೀತಿಯಾದರೆ ಟ್ಯಾಗೋರ್ ಕಡಲತೀರಕ್ಕೆ ಇನ್ನೊಂದು: ಅಲ್ಲಿ ಜಿಲ್ಲಾಡಳಿತದ ಒಪ್ಪಿಗೆಯೂ ಬೇಕು, ಮರಳಿನ ಮೇಲೆ ಕಂಬ ನೆಟ್ಟು ಚಪ್ಪರ ಹಾಕುವ ಮುಂಚೆ ಕರಾವಳಿ ನಿಯಂತ್ರಣ ವಲಯದ ನಿಯಮವನ್ನೂ ಕೇಳಿಕೊಳ್ಳಬೇಕು. ಶಿರಸಿಯಲ್ಲಿ ಬಿಡ್ಕಿ ಬೈಲು ಎಲ್ಲರಿಗೂ ಹತ್ತಿರದ ಜಾಗ. ಆದರೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ದೇವಿ ಗದ್ದುಗೆ ಏರುವುದೂ ಅಲ್ಲೇ. ಜಾತ್ರೆಯ ವರ್ಷದಲ್ಲಿ ಅದರ ಹಿಂದುಮುಂದಿನ ವಾರಗಳನ್ನು ಬಿಟ್ಟೇ ದಿನ ಗೊತ್ತು ಮಾಡಬೇಕು. ಎಸ್‌ಎಸ್‌ಎಲ್‌ಸಿ, ಪಿಯು ಪರೀಕ್ಷೆಯ ದಿನಗಳು, ಮಂತ್ರಿಗಳ ಪ್ರವಾಸ, ಚುನಾವಣಾ ನೀತಿಸಂಹಿತೆ ಇವುಗಳನ್ನೂ ಪಟ್ಟಿ ಮಾಡಿ ನೋಡಿಕೊಂಡರೆ “ಆ ದಿನ ಆಗಲ್ಲ” ಎಂಬ ಮಾತಿಗೆ ಅರ್ಧ ಕಾರಣ ಕಡಿಮೆಯಾಗುತ್ತದೆ. ಮೀನುಗಾರರ ಹೋರಾಟಕ್ಕೆ ಇನ್ನೊಂದು ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ, ಎಲ್ಲರೂ ದಡದಲ್ಲೇ ಇರುತ್ತಾರೆ, ಜನ ಸೇರಿಸುವುದು ಸುಲಭ. ಆದರೆ ಆಗ ಮಳೆಗಾಲ. ಬಟ್ಟೆಯ ಶಾಮಿಯಾನ ಕರಾವಳಿಯ ಆಷಾಢದ ಗಾಳಿಗೆ ಒಂದು ತಾಸೂ ನಿಲ್ಲುವುದಿಲ್ಲ. ತಗಡಿನ ಚಪ್ಪರ ಹಾಕಿಸಬೇಕು, ಇಲ್ಲವೇ ಸಭಾಭವನ ಹಿಡಿಯಬೇಕು. ಮೈಕಿನ ತಂತಿ, ಜನರೇಟರ್ ಮಳೆಗೆ ನೆನೆಯದಂತೆ ನೆಲದಿಂದ ಎರಡಡಿ ಎತ್ತರದಲ್ಲಿರಬೇಕು. ಬೀದಿ ಕಂಬದಿಂದ ಕೊಕ್ಕೆ ಹಾಕಿ ಕರೆಂಟ್ ಎಳೆಯುವುದು ಬೇಡ. ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಬೇಕು.

ಮೈಕಿಗೆ ಪ್ರತ್ಯೇಕ ಲಿಖಿತ ಅನುಮತಿ ಬೇಕೇ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ನಿಶ್ಶಬ್ದ ವಲಯ 100 ಮೀಟರಿನವರೆಗೂ ಇರುತ್ತದೆ. ಹಗಲಿನ ಮಿತಿ ಅಲ್ಲಿ 50 ಡೆಸಿಬಲ್, ವಸತಿ ಪ್ರದೇಶದಲ್ಲಿ 55, ವಾಣಿಜ್ಯ ಪ್ರದೇಶದಲ್ಲಿ 65. ಸಾರ್ವಜನಿಕ ಜಾಗದ ಅಂಚಿನಲ್ಲಿ ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಬಾರದು. ಸರ್ಕಾರಿ ಕಚೇರಿಗಳೆಲ್ಲ ಕೋರ್ಟು, ಶಾಲೆಗಳಿಗೆ ಅಂಟಿಕೊಂಡೇ ಇರುವ ನಮ್ಮ ಊರುಗಳಲ್ಲಿ ಈ 100 ಮೀಟರ್ ದೊಡ್ಡ ತೊಡಕು. ಟೇಪು ಹಿಡಿದು ನಾವೇ ಅಳೆದು, ಸ್ಪೀಕರ್ ಎಲ್ಲಿಡುತ್ತೇವೆ, ಯಾವ ಕಡೆ ಮುಖ ಮಾಡುತ್ತೇವೆ ಎಂದು ನಕ್ಷೆಯಲ್ಲಿ ತೋರಿಸಬೇಕು. ಮೆರವಣಿಗೆ ಆಸ್ಪತ್ರೆಯ ಮುಂದೆ ಹಾಯುವಾಗ ಘೋಷಣೆಯನ್ನೂ ನಿಲ್ಲಿಸಬೇಕು. ಒಳಗೆ ಮಲಗಿರುವವರು ನಮ್ಮ ಜನವೇ.

ಡ್ರೋನ್ ಹಾರಿಸಿ ಚಿತ್ರ ತೆಗೆಯುವ ಆಸೆ ಈಗ ಎಲ್ಲರಿಗೂ. ಕಾರವಾರದಲ್ಲಿ ಅದನ್ನು ಬಿಡುವುದೇ ಸರಿ. ಅರ್ಗಾದ ನೌಕಾನೆಲೆ ಹತ್ತಿರವಿದೆ. 2021ರ ಡ್ರೋನ್ ನಿಯಮಗಳ ಕೆಂಪು ವಲಯಕ್ಕೆ ಸಿಕ್ಕಿಕೊಂಡರೆ ಇಡೀ ಕಾರ್ಯಕ್ರಮದ ಮೇಲೆ ಬೇರೆಯದೇ ಬಣ್ಣದ ಪ್ರಕರಣ ಬೀಳುತ್ತದೆ.

ಅರ್ಜಿ ಕೊಟ್ಟ ಎರಡು ಮೂರು ದಿನಕ್ಕೆ ಮುಚ್ಚಳಿಕೆ ಬರೆದುಕೊಡಿ ಎಂಬ ಕರೆ ಬರುತ್ತದೆ. ಇಲ್ಲಿ ನಿಧಾನವಾಗಿ ಓದಬೇಕು. ಸಿದ್ಧ ಮಾದರಿಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: “ಯಾವುದೇ ಅಹಿತಕರ ಘಟನೆ ನಡೆದಲ್ಲಿ ನಾನೇ ಸಂಪೂರ್ಣ ಜವಾಬ್ದಾರನಾಗಿರುತ್ತೇನೆ.” ಗುಂಪಿನೊಳಗೆ ಯಾರೋ ಹೊರಗಿನವರು ಕಲ್ಲು ಎಸೆದರೂ ಈ ಸಾಲು ಸಹಿ ಹಾಕಿದವರನ್ನು ಹಿಡಿದುಕೊಳ್ಳುತ್ತದೆ. ಇದಕ್ಕೆ ಬದಲಾಗಿ “ಸಂಘಟಕರು ಮತ್ತು ಪಟ್ಟಿಯಲ್ಲಿರುವ ಸ್ವಯಂಸೇವಕರು ಷರತ್ತುಗಳನ್ನು ಪಾಲಿಸುತ್ತೇವೆ, ಶಾಂತಿಗೆ ಭಂಗ ತರುವವರನ್ನು ಗುರುತಿಸಲು ಪೊಲೀಸರಿಗೆ ಸಹಕರಿಸುತ್ತೇವೆ” ಎಂದು ಬರೆದು ಕೊಡಬಹುದು. ಹೆಚ್ಚಿನ ಅಧಿಕಾರಿಗಳು ಒಪ್ಪುತ್ತಾರೆ. ಒಪ್ಪದಿದ್ದರೆ ಆ ಸಾಲನ್ನು ಹೊಡೆದು, ಪಕ್ಕದಲ್ಲಿ ಸಹಿ ಹಾಕಿ, ಅದರ ನಕಲು ಇಟ್ಟುಕೊಳ್ಳಬೇಕು. ಈ ಮುಚ್ಚಳಿಕೆಯೇ ಬೇರೆ, ಹಿಂದಿನ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ ಕೆಳಗೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಶಾಂತಿಪಾಲನೆಗೆ ಬರೆಸಿಕೊಳ್ಳುವ ಬಾಂಡೇ ಬೇರೆ. ಎರಡನೆಯದಕ್ಕೆ ನೋಟಿಸ್, ವಿಚಾರಣೆ ಎಲ್ಲ ಇರಬೇಕು. ಅದು ಬಂದರೆ ವಕೀಲರಿಲ್ಲದೆ ಹೋಗಬಾರದು.

ಇನ್ನು ಅತಿ ಕಷ್ಟದ ಹಂತ: ಮೌನ. ಅರ್ಜಿ ಒಪ್ಪಿಯೂ ಇಲ್ಲ, ತಿರಸ್ಕಾರವೂ ಇಲ್ಲ. “ಮೇಲಿನವರಿಗೆ ಕಳಿಸಿದೀವಿ”, “ಇಂಟೆಲಿಜೆನ್ಸ್ ರಿಪೋರ್ಟ್ ಬರಬೇಕು”, “ನಾಳೆ ಬನ್ನಿ”. ಹಿಂದಿನ ದಿನ ಸಂಜೆ ಆರು ಗಂಟೆಗೆ ಫೋನಿನಲ್ಲಿ “ಪರ್ಮಿಷನ್ ಇಲ್ಲ” ಎಂಬ ಒಂದು ಮಾತು. ಅಷ್ಟರಲ್ಲಿ ಕರಪತ್ರ ಹಂಚಿಯಾಗಿದೆ, ಹಳಿಯಾಳ, ಜೊಯಿಡಾ ಕಡೆಯಿಂದ ಬಸ್ಸು ಗೊತ್ತಾಗಿದೆ, ಚಪ್ಪರದ ಮುಂಗಡ ಕೊಟ್ಟಾಗಿದೆ. ಕೋರ್ಟಿಗೆ ಹೋಗಲು ಹೊತ್ತಿಲ್ಲ, ಪ್ರಶ್ನಿಸಲು ಕೈಯಲ್ಲಿ ಆದೇಶದ ಕಾಗದವೂ ಇಲ್ಲ. ಅನುಮತಿ ಪದ್ಧತಿಯ ನಿಜವಾದ ದೋಷ ಇರುವುದು ಇಲ್ಲೇ. ನಿರಾಕರಿಸಿದರೆ ಕಾರಣ ಬರೆಯಬೇಕು, ಬರೆದರೆ ಅದನ್ನು ಮೇಲಿನವರು ಪರಿಶೀಲಿಸುತ್ತಾರೆ. ಸುಮ್ಮನಿದ್ದರೆ ಯಾವುದೂ ಇಲ್ಲ. ಮೌನವನ್ನು ಬೇಡ ಎಂದು ಓದುವ ವ್ಯವಸ್ಥೆಯಲ್ಲಿ ಹಕ್ಕಿರುವವನೇ ಕಾಯಬೇಕು. ತಿಳಿವಳಿಕೆ ಪತ್ರದ ವ್ಯವಸ್ಥೆಯಲ್ಲಿ ಇದು ತಿರುಗುಮುರುಗಾಗುತ್ತದೆ: ನಾವು ತಿಳಿಸಿದ್ದೇವೆ, ತಡೆಯಬೇಕೆಂದರೆ ಸರ್ಕಾರ ಹೊತ್ತಿಗೆ ಸರಿಯಾಗಿ ಕಾರಣ ಬರೆದು ತಡೆಯಬೇಕು, ಇಲ್ಲವೆಂದರೆ ನಡೆಯುತ್ತದೆ. ಬ್ರಿಟನ್ನಿನ 1986ರ ಕಾಯ್ದೆಯಲ್ಲಿ ಮೆರವಣಿಗೆಗೆ ಆರು ದಿನ ಮುಂಚಿತ ನೋಟಿಸ್ ಇದೆ. ಜರ್ಮನಿಯಲ್ಲಿ ಸಭೆಯನ್ನು ಸಾರುವ 48 ತಾಸು ಮುಂಚೆ ತಿಳಿಸಿದರೆ ಆಯಿತು, ಹಠಾತ್ತನೆ ಹುಟ್ಟುವ ಸಭೆಗೆ ಆ ಅವಧಿಯೂ ಅನ್ವಯಿಸುವುದಿಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ 2020ರಲ್ಲಿ ಹೊರಡಿಸಿದ 37ನೇ ಸಾಮಾನ್ಯ ಟಿಪ್ಪಣಿಯೂ ಇದನ್ನೇ ಹೇಳುತ್ತದೆ. ಆ ಟಿಪ್ಪಣಿಗೆ ಮೂಲವಾದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 1979ರಲ್ಲೇ ಒಪ್ಪಿಕೊಂಡಿದೆ. ದೂರದ ಮಾತು ಯಾಕೆ, 1930ರಲ್ಲಿ ಅಂಕೋಲೆಯ ಜನ ಉಪ್ಪಿನ ಕಾಯ್ದೆ ಮುರಿಯುವ ಮುಂಚೆ, ದಂಡಿಗೆ ಹೊರಡುವ ಮುಂಚೆ, ಮಾರ್ಚ್ 2ರಂದು ಗಾಂಧೀಜಿ ವೈಸರಾಯ್‌ಗೆ ಪತ್ರ ಬರೆದರು. ಅದು ಅನುಮತಿಯ ಅರ್ಜಿ ಆಗಿರಲಿಲ್ಲ, ತಿಳಿವಳಿಕೆ ಪತ್ರವಾಗಿತ್ತು.

ಕಾಯಲು ಹೊತ್ತೇ ಇಲ್ಲದ ಸಂದರ್ಭಗಳೂ ಇವೆ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ ಮರಕ್ಕೆ ಕೊಡಲಿ ಬೀಳುತ್ತಿತ್ತು. ಐದು ದಿನದ ನಂತರದ ಅನುಮತಿ ಅಲ್ಲಿ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಇಂಥ ಸಂದರ್ಭಕ್ಕೆ ನಮ್ಮ ಈಗಿನ ಪದ್ಧತಿಯಲ್ಲಿ ಕಿಂಡಿಯೇ ಇಲ್ಲ. ಮಾಡಬಹುದಾದದ್ದು ಇಷ್ಟೇ: ಹೊರಡುವ ಮುಂಚೆ ಠಾಣೆಯ ಇಮೇಲ್‌ಗೂ ಪಿಎಸ್‌ಐ ಅವರ ಫೋನಿಗೂ ಜಾಗ, ಹೊತ್ತು, ಸಂಘಟಕರ ಹೆಸರು, ತುರ್ತಿನ ಕಾರಣ ಬರೆದು ಕಳಿಸುವುದು, ರಸ್ತೆ ಬಿಟ್ಟು ಬದಿಯಲ್ಲಿ ನಿಲ್ಲುವುದು.

ಮೌನದ ವಿರುದ್ಧ ಈಗ ನಮ್ಮ ಕೈಯಲ್ಲಿರುವ ಉಪಾಯ ದಿನಗಳ ಲೆಕ್ಕ. ಕಾರ್ಯಕ್ರಮಕ್ಕೆ 15 ದಿನ ಇರುವಾಗ ಅರ್ಜಿ. ಅದರ ಕೊನೆಯಲ್ಲೇ ಒಂದು ಸಾಲು: “ನಿರಾಕರಿಸುವುದಾದಲ್ಲಿ ಕಾರಣಸಹಿತ ಲಿಖಿತ ಹಿಂಬರಹವನ್ನು ಇಂಥ ದಿನಾಂಕದೊಳಗೆ ನೀಡಬೇಕಾಗಿ ವಿನಂತಿ.” ಹಿಂಬರಹ ಎಂದರೆ ಅರ್ಜಿಗೆ ಕಚೇರಿ ಬರೆದು ಕೊಡುವ ಉತ್ತರ. 10 ದಿನ ಇರುವಾಗಲೂ ಉತ್ತರ ಇಲ್ಲವೆಂದರೆ ನೆನಪೋಲೆ, ಡಿವೈಎಸ್‌ಪಿ ಭೇಟಿ. 7 ದಿನ ಇರುವಾಗ ಎಸ್‌ಪಿ ಹಾಗೂ ಜಿಲ್ಲಾಧಿಕಾರಿಗೆ ಎಲ್ಲ ಮೊಹರಿನ ಪ್ರತಿಗಳ ಜೊತೆ ಮನವಿ; ಟಪಾಲು ವಿಭಾಗದಲ್ಲಿ ಸ್ವೀಕೃತಿ. 5 ದಿನ ಇರುವಾಗ ವಕೀಲರ ಕೈಗೆ ಕಡತ. ನಮ್ಮ ಜಿಲ್ಲೆ ಹೈಕೋರ್ಟಿನ ಧಾರವಾಡ ಪೀಠದ ವ್ಯಾಪ್ತಿಗೆ ಬರುತ್ತದೆ. 226ನೇ ವಿಧಿಯಡಿ ರಿಟ್ ಅರ್ಜಿ ಅಲ್ಲೇ. ಕೋರ್ಟು ಮೊದಲು ನೋಡುವುದು ನಾವು ಯಾವಾಗ ಅರ್ಜಿ ಕೊಟ್ಟೆವು, ಎಷ್ಟು ಸಲ ಕೇಳಿದೆವು ಎಂಬುದನ್ನು. ಮೂರು ದಿನ ಮುಂಚೆ ಅರ್ಜಿ ಕೊಟ್ಟು, ಉತ್ತರ ಬರಲಿಲ್ಲ ಎಂದು ಓಡಿದರೆ ವಾದಕ್ಕೆ ಬಲವಿಲ್ಲ. ಎರಡನೇ ಮತ್ತು ನಾಲ್ಕನೇ ಶನಿವಾರ, ಭಾನುವಾರ, ಹಬ್ಬದ ರಜೆಗಳನ್ನು ಕಳೆದು ಈ 15 ದಿನ ಎಣಿಸಬೇಕು ಎಂಬುದನ್ನು ಹಲವರು ಮರೆಯುತ್ತಾರೆ.

ಅನುಮತಿ ಕೈಗೆ ಬಂದ ಮೇಲೂ ನಿಷೇಧಾಜ್ಞೆ ಬಂದು ಅದನ್ನು ಅಳಿಸಿಹಾಕಬಹುದು. ಹಿಂದಿನ 144ನೇ ಸೆಕ್ಷನ್ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಹೊನ್ನಾವರದ ಕಾಸರಕೋಡು ಟೊಂಕ, ಅಂಕೋಲೆಯ ಕೇಣಿಯ ಬಂದರು ವಿರೋಧಿ ಹೋರಾಟಗಳಲ್ಲಿ 2025ರಲ್ಲಿ ನಮ್ಮ ಕರಾವಳಿ ಈ ಕಲಮಿನ ಬಳಕೆಯನ್ನು ಕಂಡಿದೆ. ಆಜ್ಞೆ ಬಂತು ಎಂದು ಕೇಳಿದ ತಕ್ಷಣ ಮಾಡಬೇಕಾದದ್ದು ಅದರ ಪ್ರತಿ ಹುಡುಕುವುದು. ವಾಟ್ಸ್ಯಾಪ್ ಸುದ್ದಿ ಸಾಲದು. ಕಾಶ್ಮೀರದ ನಿರ್ಬಂಧಗಳ ಕುರಿತ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಹೇಳಿದ ಪ್ರಕಾರ ಇಂಥ ಆಜ್ಞೆಗಳನ್ನು ಪ್ರಕಟಿಸಲೇಬೇಕು. ಪ್ರಜಾಪ್ರಭುತ್ವದ ಸಹಜ ಅಭಿಪ್ರಾಯಭೇದವನ್ನು ಅಡಗಿಸಲು ಅವನ್ನು ಬಳಸುವಂತಿಲ್ಲ. ಪ್ರತಿಯಲ್ಲಿ ನಾಲ್ಕು ಸಂಗತಿ ನೋಡಬೇಕು: ಯಾವ ಜಾಗದ ಗಡಿ, ಎಷ್ಟು ದಿನ, ಯಾವ ಕಾರಣ, ಯಾರ ಸಹಿ. ಮ್ಯಾಜಿಸ್ಟ್ರೇಟರ ಆಜ್ಞೆ ಎರಡು ತಿಂಗಳು ಮೀರುವಂತಿಲ್ಲ. ಅದನ್ನು ರದ್ದು ಮಾಡಿ ಅಥವಾ ಸಡಿಲಿಸಿ ಎಂದು ಅದೇ ಕಲಮಿನ ಐದನೇ ಉಪಕಲಂ ಕೆಳಗೆ ಆಜ್ಞೆ ಹೊರಡಿಸಿದವರಿಗೇ ಅರ್ಜಿ ಕೊಡಬಹುದು. ಅವರು ನಮ್ಮ ಮಾತು ಕೇಳಲು ಬೇಗ ಅವಕಾಶ ಕೊಡಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು. ಈ ಬಾಗಿಲು ಇರುವುದೇ ಹಲವರಿಗೆ ತಿಳಿದಿಲ್ಲ. ಬೆಂಗಳೂರಿನಲ್ಲಿ 2019ರ ಡಿಸೆಂಬರ್ 18ರಂದು ಹೊರಡಿಸಿದ 144ರ ಆಜ್ಞೆಯನ್ನು ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಕಾನೂನುಬಾಹಿರ ಎಂದಿತು; ಆ ತೀರ್ಪಿನ ಪ್ರತಿಯನ್ನು ಅರ್ಜಿಗೆ ಲಗತ್ತಿಸುವುದು ಒಳ್ಳೆಯದು.

ಆಜ್ಞೆ ಜಾರಿಯಲ್ಲಿದ್ದಾಗ ಮುರಿದರೆ ಹಿಂದಿನ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯಸಂಹಿತೆಯ 223ನೇ ಕಲಂ: ಆರು ತಿಂಗಳವರೆಗೆ ಸೆರೆ ಅಥವಾ 2,500 ರೂಪಾಯಿವರೆಗೆ ದಂಡ, ಗಲಭೆಗೆ, ಜೀವಕ್ಕೆ ಅಪಾಯವಾದರೆ ಒಂದು ವರ್ಷ ಅಥವಾ 5,000. ಇದರಲ್ಲಿ ಸಂಬಂಧಿಸಿದ ಅಧಿಕಾರಿಯ ಲಿಖಿತ ದೂರಿಲ್ಲದೆ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಬರೀ ಎಫ್‌ಐಆರ್, ಚಾರ್ಜ್‌ಶೀಟ್ ಇದ್ದರೆ ವಕೀಲರಿಗೆ ಅದನ್ನು ಮೊದಲೇ ಹೇಳಬೇಕು. ರಸ್ತೆಗೆ ಅಡ್ಡಿ ಮಾಡಿದರೆ 285ನೇ ಕಲಂ, 5,000ದವರೆಗೆ ದಂಡ. ಆದರೆ ರಾಷ್ಟ್ರೀಯ ಹೆದ್ದಾರಿಯನ್ನೇ ಕೆಡಿಸಿ ಸಂಚಾರ ನಿಲ್ಲಿಸಿದರೆ ಹೆದ್ದಾರಿ ಕಾಯ್ದೆಯ 8ಬಿ ಕಲಂ ಬರುತ್ತದೆ, ಅದರಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಹೆದ್ದಾರಿ 66ರ ಮೇಲೆ ಕೂರುವುದು ಬೇಡ ಎನ್ನುವುದಕ್ಕೆ ಕಾನೂನಿಗಿಂತ ದೊಡ್ಡ ಕಾರಣ ನಮ್ಮಲ್ಲೇ ಇದೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದಾಗ, ಆಗಸ್ಟಿನಲ್ಲಿ ಕಾಳಿ ಹಳೆ ಸೇತುವೆ ಬಿದ್ದಾಗ ಈ ಜಿಲ್ಲೆ ಎಷ್ಟು ಸಣ್ಣ ದಾರದ ಮೇಲೆ ನಿಂತಿದೆ ಎಂದು ಎಲ್ಲರೂ ಕಂಡಿದ್ದೇವೆ. ಗಂಭೀರ ರೋಗಿಯನ್ನು ಮಣಿಪಾಲಕ್ಕೋ ಗೋವಾಕ್ಕೋ ಒಯ್ಯುವ ಆಂಬುಲೆನ್ಸಿಗೆ ಅದೊಂದೇ ರಸ್ತೆ. ಸಾರ್ವಜನಿಕ ದಾರಿಯನ್ನು ಅನಿರ್ದಿಷ್ಟ ಕಾಲ ಹಿಡಿದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಶಾಹೀನ್‌ಬಾಗ್ ಪ್ರಕರಣದಲ್ಲಿ ಹೇಳಿದೆ. ಊರೊಳಗಿನ ರಸ್ತೆಯಲ್ಲೂ ಒಂದು ಬದಿಯಲ್ಲಿ ಹನ್ನೆರಡು ಅಡಿ ಖಾಲಿ ಬಿಟ್ಟೇ ಸಾಲು ಮಾಡಬೇಕು.

ಆ ದಿನದ ತಯಾರಿಯಲ್ಲಿ ಮುಖ್ಯವಾದದ್ದು ಸ್ವಯಂಸೇವಕರು. 25 ಜನಕ್ಕೆ ಒಬ್ಬರಂತೆ 500 ಜನಕ್ಕೆ 20. ಅದರಲ್ಲಿ ಹೆಂಗಸರು ಕನಿಷ್ಠ ಆರು. ತೋಳಿಗೆ ಒಂದೇ ಬಣ್ಣದ ಪಟ್ಟಿ, ಕೈಯಲ್ಲಿ ಸೀಟಿ. ಮಾರ್ಚ್ ಏಪ್ರಿಲ್ ಬಿಸಿಲಿಗೆ ಮೂರು ತಾಸಿಗೆ ತಲೆಗೊಂದು ಲೀಟರ್ ನೀರು, ಅಂದರೆ 20 ಲೀಟರಿನ 25 ಕ್ಯಾನು. ಬಾವುಟದ ಕೋಲು ಬೆತ್ತದಷ್ಟು ತೆಳ್ಳಗಿರಲಿ. ದಪ್ಪ ಬಿದಿರು ದೊಣ್ಣೆಯ ಲೆಕ್ಕಕ್ಕೆ ಬರುತ್ತದೆ. ಶಿರಸಿ, ಸಿದ್ದಾಪುರ ಕಡೆ ತೋಟದಿಂದ ನೇರ ಬರುವವರ ಸೊಂಟದಲ್ಲಿ ಕತ್ತಿಕೊಕ್ಕೆ ಇರುತ್ತದೆ. ಅವರಿಗೆ ಅದು ಅಂಗಿಯ ಗುಂಡಿಯಷ್ಟೇ ಸಹಜ, ಆದರೆ ಕಾನೂನಿನ ಕಣ್ಣಿಗೆ ಆಯುಧ. ಬಸ್ಸಿನಲ್ಲೇ ತೆಗೆದಿಡಿಸಬೇಕು. ಮೀನುಗಾರರು ಬಲೆ ಹೊದ್ದು ಬರಲಿ, ಹುಟ್ಟನ್ನು ಮನೆಯಲ್ಲಿ ಬಿಡಲಿ. ಪ್ರತಿಕೃತಿ ಸುಡುವುದು, ಟೈರಿಗೆ ಬೆಂಕಿ ಹಚ್ಚುವುದು ಬೇಡವೇ ಬೇಡ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಮಿನ ಆಜ್ಞೆಯಲ್ಲಿ ದೊಣ್ಣೆ, ಕಲ್ಲು, ಪ್ರತಿಕೃತಿಗಳು ಹೆಸರಿಟ್ಟೇ ಬರುತ್ತವೆ.

ಜಗಳ ಹುಟ್ಟುವುದು ಹೆಚ್ಚಾಗಿ ಕೊನೆಯಲ್ಲಿ. ಕಾರಣ ಯಾವಾಗಲೂ ಒಂದೇ: ಮನವಿ ಸ್ವೀಕರಿಸುವವರು ಬರುವುದಿಲ್ಲ. ಹನ್ನೆರಡಕ್ಕೆ ಕಚೇರಿ ಮುಟ್ಟಿದ ಜನ ಎರಡರವರೆಗೆ ಬಿಸಿಲಲ್ಲಿ ಕಾಯುತ್ತಾರೆ, ಅನುಮತಿಯ ಹೊತ್ತು ಮುಗಿಯುತ್ತದೆ, “ಎದ್ದು ಹೋಗಿ” ಎಂಬ ಮಾತು ಬರುತ್ತದೆ, ಯಾರೋ ಗೇಟು ತಳ್ಳುತ್ತಾರೆ. ಇದನ್ನು ತಪ್ಪಿಸಲು ಮೂರು ದಿನ ಮುಂಚೆಯೇ ಜಿಲ್ಲಾಧಿಕಾರಿ ಇಲ್ಲದಿದ್ದರೆ ಅಪರ ಜಿಲ್ಲಾಧಿಕಾರಿ, ಅವರೂ ಇಲ್ಲದಿದ್ದರೆ ತಹಶೀಲ್ದಾರರು ಇಷ್ಟು ಗಂಟೆಗೆ ಸ್ವೀಕರಿಸುತ್ತಾರೆ ಎಂಬುದನ್ನು ಆಪ್ತ ಸಹಾಯಕರ ಬಳಿ ಬರೆಸಿಕೊಂಡಿರಬೇಕು. ಅನುಮತಿ ಕೇಳುವಾಗಲೇ ಅಂದಾಜಿಗಿಂತ ಒಂದೂವರೆ ತಾಸು ಹೆಚ್ಚು ಕೇಳಿರಬೇಕು.

ವಿಡಿಯೋ ಮೊದಲ ಸಾಲು ಹೊರಡುವುದರಿಂದ ಕೊನೆಯ ಬಸ್ಸು ಬಿಡುವವರೆಗೆ ನಮ್ಮದೇ ಆಗಿರಬೇಕು. ಇಬ್ಬರು, ಒಬ್ಬರು ಮುಂದೆ, ಒಬ್ಬರು ಹಿಂದೆ. ಆಸ್ತಿ ಹಾನಿಯ ಆರೋಪ ಬಂದಾಗ ಪೊಲೀಸರ ವಿಡಿಯೋ ಜೊತೆ ನಮ್ಮದನ್ನೂ ಇಡಬಹುದು. ಸಂಜೆ ಮೈದಾನ ಗುಡಿಸಿ, ಖಾಲಿ ಜಾಗದ ಫೋಟೋ ತೆಗೆದು, ಠೇವಣಿ ವಾಪಸಿಗೆ ಅರ್ಜಿ ಕೊಡಬೇಕು. ಮರುದಿನ ಠಾಣೆಗೆ ಒಂದು ಪತ್ರ: “ಕಾರ್ಯಕ್ರಮ ಇಷ್ಟು ಗಂಟೆಗೆ ಶಾಂತಿಯುತವಾಗಿ ಮುಗಿದಿದೆ, ಬಂದೋಬಸ್ತ್ ಒದಗಿಸಿದ್ದಕ್ಕೆ ಧನ್ಯವಾದ.” ಅದಕ್ಕೂ ಮೊಹರು. ಅನುಮತಿ ನಿರಾಕರಣೆಯಾಗಿದ್ದರೆ ಅದರ ಕಡತದ ನಕಲಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ. ಉತ್ತರಕ್ಕೆ 30 ದಿನ. ಎಲ್ಲವನ್ನೂ ಒಂದೇ ಫೈಲಿನಲ್ಲಿ ದಿನಾಂಕದ ಕ್ರಮದಲ್ಲಿ ಸೇರಿಸಿ, ವಿಡಿಯೋದ ಎರಡು ಪ್ರತಿ ಎರಡು ಮನೆಯಲ್ಲಿಟ್ಟಿರಬೇಕು. ಸಮನ್ಸ್ ತಿಂಗಳುಗಳ ನಂತರವೂ ಬರಬಹುದು, ಆಗ ವಕೀಲರು ಮೊದಲು ಕೇಳುವುದು ಈ ಫೈಲನ್ನೇ.